ಕಂಸದೊಳಗಿನ ಮಾತು

ಹೋದ ತಿಂಗಳು ಮಗಳು ಆಶಾ ತನ್ನ ಹ್ಯಾರಿಸ್‌ಡೇಲ್ ಮನೆಯ ಗ್ಯಾರೇಜು ಖಾಲಿ ಮಾಡಲು ಹೊರಟಳು. ಪರ್ತ್‌ನ ಈ ಭಾಗದಲ್ಲಿ ಗ್ಯಾರೇಜು ಎಂದರೆ ಕಾರೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುವ ಜಾಗ. ಹಳೆಯ ಸೈಕಲ್ಲು, ಮುರಿದ ಬಾರ್ಬಿ, ಯಾವುದೋ ಗಣರಾಜ್ಯೋತ್ಸವಕ್ಕೆ ತಂದ ಪ್ಲಾಸ್ಟಿಕ್ ಕುರ್ಚಿಗಳು, ಎಲ್ಲವೂ ಹೊರಬಂದ ಮೇಲೆ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಉಳಿಯಿತು. ಅದರ ಮೇಲೆ ನನ್ನ ಗಂಡ ಜಯಕರ್ ಅವರ ಅಕ್ಷರದಲ್ಲಿ 'ಬ್ರಿಸ್ಬೇನ್ ಕ್ಲಿನಿಕ್, ಎಸೆಯಬೇಡಿ' ಎಂದಿತ್ತು. ಮುಚ್ಚಳ ತೆಗೆದ ಕೂಡಲೇ ಕಾರ್ಬನ್ ಕಾಗದದ ವಾಸನೆ ಬಂತು. ನಲವತ್ತು ವರ್ಷ ಹಳೆಯ ವಾಸನೆ. ನಾನು ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತುಬಿಟ್ಟೆ.

ಪೆಟ್ಟಿಗೆಯಲ್ಲಿ ಒಂದು ಯಂತ್ರವಿತ್ತು. ಮೊಮ್ಮಗಳು ಮಾಯಾ ಅದನ್ನೆತ್ತಿ, "ವಾಟ್ಸ್ ದಿಸ್, ಅಜ್ಜಿ?" ಎಂದಳು. ರೋಗಿಯ ಕಾರ್ಡನ್ನು ಇದರಲ್ಲಿಟ್ಟು, ಮೇಲೆ ಕಾರ್ಬನ್ ಇರುವ ಚೀಟಿ ಇಟ್ಟು, ಹಿಡಿಯನ್ನು ಈ ಕಡೆಯಿಂದ ಆ ಕಡೆಗೆ ಎಳೆದರೆ ಹೆಸರು, ನಂಬರು ಚೀಟಿಯ ಮೇಲೆ ಮೂಡುತ್ತವೆ ಎಂದು ಕನ್ನಡದಲ್ಲಿ ಹೇಳಿದೆ. "ದಟ್ಸ್ ಸೋ ಕೂಲ್," ಎಂದಳು. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಹದಿನಾಲ್ಕು ವರ್ಷದಿಂದ ನಮ್ಮ ಸಂಸಾರ ಹೀಗೇ ಯಾವ ತಕರಾರೂ ಇಲ್ಲದೆ ನಡೆದಿದೆ. ಯಂತ್ರದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆಯೊಳಗೆ ಎರಡು ಕಾಗದಗಳಿದ್ದವು. ಅವು ಏನೆಂದು ನನಗೆ ತೆಗೆಯದೆಯೇ ಗೊತ್ತಿತ್ತು.

"ಅಮ್ಮಾ, ಇದನ್ನೂ ಇಟ್ಕೋಬೇಕಾ?" ಎಂದಳು ಆಶಾ.

"ಇದನ್ನ ಮಾತ್ರ ಇಟ್ಕೋಬೇಕು," ಎಂದೆ.

ಅದು ಎಂಬತ್ನಾಲ್ಕನೇ ಇಸವಿ. ನಾವು ಬ್ರಿಸ್ಬೇನ್‌ನಲ್ಲಿದ್ದೆವು, ಇಂಡೂರೂಪಿಲ್ಲಿಯ ದೊಡ್ಡ ಅಂಗಡಿ ಸಂಕೀರ್ಣದಿಂದ ಕಾರಿನಲ್ಲಿ ಹತ್ತು ನಿಮಿಷ. ಕಂಬಗಳ ಮೇಲೆ ನಿಂತ ಮರದ ಮನೆ. ಮುಂದಿನ ಎರಡು ಕೋಣೆ ಜಯಕರ್ ಅವರ ಕ್ಲಿನಿಕ್ಕು, ಹಿಂದೆ ನಾವು ಮೂವರು, ಹಿತ್ತಲಲ್ಲಿ ಒಂದು ಮಾವಿನ ಮರ. ಫೆಬ್ರವರಿಯ ಸೆಖೆಯಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಆಕಾಶ ಹಸಿರುಗಪ್ಪಾಗಿ, ಐದಕ್ಕೆ ಗುಡುಗು ಮಳೆ ಹೊಡೆದು, ಆರಕ್ಕೆ ಏನೂ ಆಗಿಲ್ಲವೆಂಬಂತೆ ಬಿಸಿಲು ಬರುತ್ತಿತ್ತು. ಆ ಫೆಬ್ರವರಿಯಲ್ಲೇ ಮೆಡಿಕೇರ್ ಶುರುವಾಯಿತು. ದೇಶದ ಪ್ರತಿಯೊಬ್ಬರಿಗೂ ಹಸಿರು ಕಾರ್ಡು. ರೋಗಿಯನ್ನು ನೋಡಿದ್ದಕ್ಕೆ ವೈದ್ಯರು ಬಯಸಿದರೆ ನೇರವಾಗಿ ಸರ್ಕಾರದಿಂದಲೇ ಹಣ ಪಡೆಯಬಹುದು. ಆ ಚೀಟಿ ಒತ್ತುವ ಯಂತ್ರ ನನ್ನ ಮೇಜಿಗೆ ಬಂತು, ಏಕೆಂದರೆ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ನಾನು.

ನಾನೂ ಡಾಕ್ಟರೇ. ಮೈಸೂರಿನಲ್ಲಿ ಓದಿದವಳು, ಹೆರಿಗೆ ವಾರ್ಡಿನಲ್ಲಿ ಕೈ ಪಳಗಿಸಿಕೊಂಡವಳು. ಮದುವೆಯಾದಾಗ ಜಯಕರ್ ಕರ್ನಾಟಕದ ಆರೋಗ್ಯ ಇಲಾಖೆಯಲ್ಲಿದ್ದರು. ಅವರಿಗೆ ಆರ್ಡರು ಬಂತೆಂದರೆ ಹೊರಡಬೇಕು. ಚಿತ್ರದುರ್ಗದ ಕಡೆಗೆ ಆರ್ಡರಾಯಿತು, ನಾನು ರಾಜೀನಾಮೆ ಬರೆದೆ. ಅಲ್ಲಿ ಮಿಷನ್ ಆಸ್ಪತ್ರೆಯಲ್ಲಿ ಕೆಲಸ ಹುಡುಕಿಕೊಂಡೆ, ಬೀದರಿಗೆ ಆರ್ಡರಾಯಿತು. ಬೀದರಿನಲ್ಲಿ ಆಗಷ್ಟೇ ಸೇರಿದ್ದೆ, ಕೊಳ್ಳೇಗಾಲ ಎಂದರು. ಮೂರು ರಾಜೀನಾಮೆ ಬರೆದ ಮೇಲೆ ಅದರ ಒಕ್ಕಣೆ ನನಗೆ ಬಾಯಿಪಾಠವಾಗಿತ್ತು. ಆಮೇಲೆ ಅವರ ಓದಿಗೆಂದು ಇಂಗ್ಲೆಂಡು, ಅವರ ಕೆಲಸಕ್ಕೆಂದು ಅಡಿಲೇಡು, ಅವರ ಕ್ಲಿನಿಕ್ಕಿಗೆಂದು ಬ್ರಿಸ್ಬೇನ್. ಅವರಿಗೆ ಇಂಗ್ಲೆಂಡಿನ ಪದವಿ ಇದ್ದುದರಿಂದ ಇಲ್ಲಿ ತೊಂದರೆಯಾಗಲಿಲ್ಲ. ನನ್ನ ಮೈಸೂರಿನ ಪದವಿ ಇಲ್ಲಿ ನಡೆಯುವುದಿಲ್ಲ, ಪರೀಕ್ಷೆ ಕಟ್ಟಬೇಕು ಎಂದರು. ಆಶಾ ಚಿಕ್ಕವಳೆಂದು ಐದು ವರ್ಷ ಮುಂದೂಡಿದೆ. ಕೊನೆಗೂ ಹಿಂದಿನ ವರ್ಷ ಬರೆಯುವ ಪರೀಕ್ಷೆ ಮುಗಿಸಿದ್ದೆ. ಉಳಿದದ್ದು ರೋಗಿಗಳ ಎದುರು ನಿಂತು ಮಾಡುವ ಪರೀಕ್ಷೆ. ನವೆಂಬರಿನಲ್ಲಿ, ಅಡಿಲೇಡಿನಲ್ಲಿ. ಅದಕ್ಕೆ ಅಭ್ಯಾಸ ಬೇಕೆಂದು ಬ್ರಿಸ್ಬೇನಿನ ಒಂದು ಆಸ್ಪತ್ರೆಯ ಹಿರಿಯ ವೈದ್ಯರ ಮುಂದೆ ಹೋಗಿ ನಿಂತು ಕೇಳಿಕೊಂಡಿದ್ದೆ. ವಾರಕ್ಕೆ ಮೂರು ಬೆಳಗ್ಗೆ ಅವರ ಹಿಂದೆ ವಾರ್ಡು ಸುತ್ತಲು ಬಿಟ್ಟಿದ್ದರು. ನನಗಾಗ ಮೂವತ್ತೆಂಟು. ಇದು ತಪ್ಪಿದರೆ ಮತ್ತೆ ಸ್ಟೆತಸ್ಕೋಪು ಹಿಡಿಯುವ ಆಸೆ ಬಿಡಬೇಕೆಂದು ನನಗೆ ಗೊತ್ತಿತ್ತು.

ಮಾರ್ಚ್ ತಿಂಗಳ ಒಂದು ಮಂಗಳವಾರ ಕ್ಯಾನ್ಬೆರಾದಿಂದ, ಅಂದರೆ ಕೇಂದ್ರ ಸರ್ಕಾರದಿಂದ, ಲಕೋಟೆ ಬಂತು. ಕೊನೆಯ ರೋಗಿ ಹೋದ ಮೇಲೆ ಜಯಕರ್ ಅದನ್ನು ಒಡೆದು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕನ್ನಡಕ ತೆಗೆಯುವ ರೀತಿಯನ್ನು ನಾನು ಕರ್ನಾಟಕದಲ್ಲಿ ಮೂರು ಸಲ ನೋಡಿದ್ದೆ.

"ಪ್ರೇಮಾ, ಆರ್ಡರ್ ಬಂದ್ಬಿಡ್ತು."

"ಯಾವ ಆರ್ಡರು?"

"ಟ್ರಾನ್ಸ್‌ಫರ್."

ನಾನು ಕಾಗದ ಕಿತ್ತುಕೊಂಡು ಓದಿದೆ. ಹೊಸ ಯೋಜನೆಯಲ್ಲಿ ತಾವು ಪಾಲ್ಗೊಳ್ಳುವಿರೆಂದು ನಂಬಿದ್ದೇವೆ ಎಂದು ಮೊದಲ ಪುಟ. ಎರಡನೆಯ ಪುಟದಲ್ಲಿ, ಒಳನಾಡಿನ ಕೆಲವು ಊರುಗಳಲ್ಲಿ ವೈದ್ಯರಿಲ್ಲ, ಅಲ್ಲಿಗೆ ಹೋಗುವುದನ್ನು ಪರಿಗಣಿಸಬೇಕೆಂದು ತಮ್ಮನ್ನು ಕೋರಲಾಗಿದೆ ಎಂದಿತ್ತು. ಕೆಳಗೆ ಊರುಗಳ ಪಟ್ಟಿ. ಮೊದಲ ಊರಿನ ಎದುರು ವಿವರಗಳು: ಹನ್ನೆರಡು ಹಾಸಿಗೆಯ ಆಸ್ಪತ್ರೆ, ಇರಲು ಮನೆ. ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ಹನ್ನೊಂದು ಗಂಟೆಯ ಕಾರಿನ ದಾರಿ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿದ್ದವರು ಇನ್ನೂ ಬದುಕಿದ್ದಾರೆ, ಅವರ ಕಾಯಿಲೆಗಳೆಲ್ಲ ನನಗೆ ಗೊತ್ತು.

"ಕೋರಿದಾರೆ ಅಷ್ಟೇ ಅಲ್ವೇನ್ರೀ? ರಿಕ್ವೆಸ್ಟೆಡ್ ಅಂತ ಇದೆ."

"ಬೀದರ್‌ಗೆ ಹಾಕ್ದಾಗ್ಲೂ ರಿಕ್ವೆಸ್ಟೆಡ್ ಅಂತಾನೇ ಇತ್ತು."

ನಿಜವಾಗಿಯೂ ಹಾಗೇ ಇತ್ತು. ನಮ್ಮ ಕಡೆ ಸರ್ಕಾರ ಕೋರಿದರೆ ಮಾರನೆಯ ದಿನ ಲಾರಿಗೆ ಹೇಳಬೇಕು ಎಂಬುದು ಇಬ್ಬರಿಗೂ ಮೈಯಲ್ಲೇ ಇಳಿದಿತ್ತು. ವರ್ಷಗಟ್ಟಲೆ ಸರ್ಕಾರದ ಕಾಗದಗಳನ್ನು ಓದಿದವರು ಇನ್ನು ಹೇಗೆ ಓದಿಯಾರು? ಆ ರಾತ್ರಿ ಊಟಕ್ಕೆ ಕೂತಾಗ ಆಶಾಳ ಸ್ಕೂಲಿನ ಮಾತು, ಮನೆ ಬಾಡಿಗೆಗೆ ಕೊಡುವ ಮಾತು ಎಲ್ಲ ಬಂತು. ನನ್ನ ನವೆಂಬರಿನ ಮಾತು ಬರಲಿಲ್ಲ. ನಾನೂ ಎತ್ತಲಿಲ್ಲ, ಎತ್ತಿದರೆ ಅಳು ಬರುತ್ತಿತ್ತು.

ಅಡಿಲೇಡಿನಲ್ಲಿ ನಮಗಿದ್ದ ಹಿರಿಯಣ್ಣ ಎಂದರೆ ಡಾಕ್ಟರ್ ಬಷೀರ್. ಶಿವಮೊಗ್ಗದವರು, ನಾವು ಅಲ್ಲಿದ್ದಾಗ ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು. ಭಾನುವಾರ ಅವರಿಗೆ ಫೋನು ಹಚ್ಚಿದೆವು. ಅವರು ಎಲ್ಲ ಕೇಳಿ ಗಂಭೀರವಾಗಿ ಹೇಳಿದರು: "ಸೆಂಟ್ರಲ್ ಗವರ್ನಮೆಂಟ್ ಲೆಟರ್ ಅಂದ್ರೆ ತಮಾಷೆ ಅಲ್ಲ ಜಯಕರ್. ಸುಮ್ನೆ ಕೂತ್ಕೋಬೇಡಿ. ಒಂದು ರೆಪ್ರೆಸೆಂಟೇಷನ್ ಹಾಕಿ. ಥ್ರೂ ಪ್ರಾಪರ್ ಚಾನೆಲ್ ಹಾಕಿ, ಇಲ್ದಿದ್ರೆ ಫೈಲು ಮೂಲೆಗೆ ಬೀಳತ್ತೆ. ಮತ್ತೆ ಗೆಜೆಟೆಡ್ ಆಫೀಸರ್ ಸೈನ್ ಮರೀಬೇಡಿ."

ಒಂದು ವಾರ ಆ ಮನವಿಪತ್ರ ತಯಾರಾಯಿತು. ಉದ್ದದ ಹಾಳೆ, ಎಡಕ್ಕೆ ಮೂರು ಬೆರಳು ಅಂಚು. ಟೈಪ್ ಮಾಡಿದವಳು ನಾನು. ಗೌರವಾನ್ವಿತರ ಪಾದಾರವಿಂದಗಳಿಗೆ ಎಂಬ ಒಂದು ಮಾತನ್ನು ಬಿಟ್ಟು ಉಳಿದೆಲ್ಲ ವಿನಯವೂ ಅದರಲ್ಲಿತ್ತು. ಮಗಳ ವಿದ್ಯಾಭ್ಯಾಸ, ತಮ್ಮ ಬೆನ್ನುನೋವು, ಹೆಂಡತಿಯ ಆರೋಗ್ಯ ಎಂದು ಕಾರಣಗಳು. ನನ್ನ ಆರೋಗ್ಯ ಕಲ್ಲುಗುಂಡಿನಂತಿತ್ತು. ಪರೀಕ್ಷೆ ಎಂದು ಬರೆಯಿರಿ ಎಂದೆ. "ಅದನ್ನ ಗವರ್ನಮೆಂಟು ಕಾರಣ ಅಂತ ಒಪ್ಪಲ್ಲ ಪ್ರೇಮಾ," ಎಂದರು. ಟೈಪ್ ಮಾಡಿದೆ. 'ಸೂಕ್ತ ಮಾರ್ಗದ ಮೂಲಕ' ಎಂಬಲ್ಲಿ ಬಂದು ನಿಂತೆವು. ಸ್ವಂತ ಕ್ಲಿನಿಕ್ಕಿನ ಡಾಕ್ಟರಿಗೆ ಮೇಲಧಿಕಾರಿ ಎಲ್ಲಿಂದ ತರುವುದು?

ಆಗ ನೆನಪಾದವರು ಲೆನ್. ನಿವೃತ್ತ ವಕೀಲರು, ರಕ್ತದೊತ್ತಡಕ್ಕೆಂದು ಹದಿನೈದು ದಿನಕ್ಕೊಮ್ಮೆ ಬರುವ ಎಪ್ಪತ್ತೈದರ ಮುದುಕರು. ಮೊಣಕಾಲಿನವರೆಗೆ ಸಾಕ್ಸು, ಚಡ್ಡಿ, ಇಸ್ತ್ರಿ ಮಾಡಿದ ಷರ್ಟು. ಕಾಗದಪತ್ರಗಳಿಗೆ ಸಾಕ್ಷಿ ಸಹಿ ಹಾಕುವ ಅಧಿಕಾರ ಅವರಿಗಿತ್ತು. ಗೆಜೆಟೆಡ್ ಆಫೀಸರಿಗೆ ಅದಕ್ಕಿಂತ ಹತ್ತಿರದ ವಸ್ತು ಬ್ರಿಸ್ಬೇನಿನಲ್ಲಿ ನಮಗೆ ಕಾಣಲಿಲ್ಲ. ಒತ್ತಡ ನೋಡಿ ಮುಗಿಸಿ, ತೋಳಿನ ಪಟ್ಟಿ ಬಿಚ್ಚುತ್ತ ಜಯಕರ್ ಸಂಕೋಚದಿಂದ ಹಾಳೆ ಮುಂದಿಟ್ಟರು. ಲೆನ್ ಓದಿದರು. ಮತ್ತೊಮ್ಮೆ ಓದಿದರು. ನಗಲಿಲ್ಲ. ಅವರು ನಕ್ಕಿದ್ದರೆ ನಾನು ಇವತ್ತಿಗೂ ಕ್ಷಮಿಸುತ್ತಿರಲಿಲ್ಲ. ಪೆನ್ನನ್ನು ಜೇಬಿಗೆ ಸೇರಿಸಿ ಕೇಳಿದರು, ಡಾಕ್ಟರೇ, ನಿಮಗೆ ಹೋಗಿ ಎಂದು ಹೇಳಿದವರು ಯಾರು?

ಜಯಕರ್ ಕ್ಯಾನ್ಬೆರಾದ ಕಾಗದ ತೋರಿಸಿದರು. ಲೆನ್ ಅದನ್ನೂ ಓದಿ, ಇವರಿಗೆ ನಿಮ್ಮನ್ನು ಕಳಿಸುವ ಅಧಿಕಾರವಿಲ್ಲ, ಎಂದರು. ಈ ಮಂತ್ರಿಗೆ ಇಲ್ಲವೆಂದಲ್ಲ, ಯಾವ ಮಂತ್ರಿಗೂ ಇಲ್ಲ, ಇಡೀ ಪಾರ್ಲಿಮೆಂಟು ಒಟ್ಟಿಗೆ ಕೂತು ಕೈಯೆತ್ತಿದರೂ ಇಲ್ಲ.

ನಾವಿಬ್ಬರೂ ವಿನಯದಿಂದ ತಲೆಯಾಡಿಸಿದೆವು. ಮುದುಕರಿಗೆ ಒತ್ತಡ ಜಾಸ್ತಿ ಇದೆ ಎಂದುಕೊಂಡೆವು. ಅವರು ಹೋದ ಮೇಲೆ ಜಯಕರ್ ಮನವಿಪತ್ರವನ್ನು ಸಹಿಯಿಲ್ಲದೆಯೇ, ಮಾರ್ಗವಿಲ್ಲದೆಯೇ ಅಂಚೆಗೆ ಹಾಕಿ ಬಂದರು.

ಆದರೆ ಲೆನ್ ಹದಿನೈದು ದಿನ ಕಾಯಲಿಲ್ಲ. ಎರಡನೆಯ ದಿನವೇ ಒಂದು ತೆಳು ಪುಸ್ತಕ ಹಿಡಿದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತರು. ಈ ದೇಶದ ಸಂವಿಧಾನ. ಮಕ್ಕಳ ಕಾಪಿ ಪುಸ್ತಕದಷ್ಟು ದಪ್ಪವೂ ಇರಲಿಲ್ಲ. ನಮ್ಮ ದೇಶದ ಸಂವಿಧಾನವನ್ನು ನಾನು ಲೈಬ್ರರಿಯಲ್ಲಿ ನೋಡಿದ್ದೆ, ಎತ್ತಲು ಎರಡು ಕೈ ಬೇಕು. ಇಷ್ಟೇ ಇಷ್ಟು ಕಾಗದ ಸರ್ಕಾರವನ್ನು ಹೇಗೆ ತಡೆದೀತು ಎನ್ನಿಸಿತು. ಜಯಕರ್ ಒಳಗಿನಿಂದ ಬಂದರು. ಕಾಯುತ್ತಿದ್ದ ರೋಗಿಗಳು ಇಬ್ಬರೇ. ಅವರೂ ಕೇಳಲಿ ಎಂಬಂತೆ ಲೆನ್ ಪುಟ ತಿರುಗಿಸಿದರು.

ಅದು ಒಂದು ಪಟ್ಟಿ. ಕೇಂದ್ರ ಸರ್ಕಾರ ಯಾವ ಯಾವ ವಿಷಯದಲ್ಲಿ ಕಾನೂನು ಮಾಡಬಹುದು ಎಂಬ ಪಟ್ಟಿ. ಅಂಚೆ, ದೀಪಸ್ತಂಭ, ಮೀನುಗಾರಿಕೆ ಎಲ್ಲ ಇದ್ದವು. ಆರೋಗ್ಯದ ವಿಷಯ ಮೊದಲು ಅಷ್ಟಾಗಿ ಇರಲೇ ಇಲ್ಲವಂತೆ, ಅದು ರಾಜ್ಯಗಳ ಕೆಲಸವಾಗಿತ್ತಂತೆ. ಮಹಾಯುದ್ಧ ಮುಗಿದ ಮೇಲೆ ಜನರನ್ನೇ ಕೇಳಿ, ಜನರೇ ಓಟು ಹಾಕಿ ಒಂದು ಸಾಲು ಸೇರಿಸಿದರು. ಔಷಧಿ, ಆಸ್ಪತ್ರೆಯ ನೆರವು, ವೈದ್ಯರ ಸೇವೆ, ಹಲ್ಲಿನ ವೈದ್ಯರ ಸೇವೆ. ಆ 'ಸೇವೆ' ಎಂಬ ಪದದ ಪಕ್ಕದಲ್ಲಿಯೇ ಒಂದು ಕಂಸ. ಲೆನ್ ಬೆರಳಿಟ್ಟು ತೋರಿಸಿದರು. ಕಂಸದೊಳಗೆ ಎಣಿಸಿದರೆ ಹನ್ನೊಂದು ಪದ. ಆದರೆ ಯಾರನ್ನೂ ಯಾವ ರೂಪದಲ್ಲೂ ಬಲವಂತವಾಗಿ ಸೇವೆಗೆ ಹಚ್ಚುವ ಅಧಿಕಾರ ಇದರಿಂದ ಬರುವುದಿಲ್ಲ ಎಂದು ಅದರ ತಾತ್ಪರ್ಯ.

ಒಂದು ದೊಡ್ಡ ಸರ್ಕಾರವನ್ನು, ಅದರ ಸೈನ್ಯ ಪೊಲೀಸು ಸಮೇತ, ಬಾಗಿಲಲ್ಲೇ ನಿಲ್ಲಿಸುವ ಮಾತು ಯಾರಿಗೂ ಕಾಣದಂತೆ ಕಂಸದೊಳಗೆ ಕೂತಿತ್ತು. ದಪ್ಪಕ್ಷರದಲ್ಲಿಲ್ಲ, ಬೇರೆ ಅಧ್ಯಾಯದಲ್ಲಿಲ್ಲ. ಅಧಿಕಾರ ಕೊಟ್ಟ ವಾಕ್ಯದಲ್ಲೇ, ಕೊಟ್ಟ ಉಸಿರಿನಲ್ಲೇ, ಇಷ್ಟು ಮಾತ್ರ ಎಂದು ಹೇಳಿಬಿಟ್ಟಿದ್ದರು. ಲೆನ್ ಇನ್ನೂ ಒಂದು ಹೇಳಿದರು. ಆ ಸಾಲು ಸೇರಿದ ಕೆಲವೇ ವರ್ಷಕ್ಕೆ, ಬಿಟ್ಟಿ ಔಷಧಿ ಬರೆಯುವಾಗ ವೈದ್ಯರು ಸರ್ಕಾರದ ಮುದ್ರಿತ ಚೀಟಿಯನ್ನೇ ಬಳಸಬೇಕು ಎಂದು ಕಾನೂನಾಯಿತು. ಬರೀ ಒಂದು ಚೀಟಿ. ವೈದ್ಯರು ಕೋರ್ಟಿಗೆ ಹೋದರು. ದೇಶದ ಅತಿ ದೊಡ್ಡ ಕೋರ್ಟು, ಇದೂ ಬಲವಂತವೇ ಎಂದು ಆ ಕಾನೂನನ್ನು ಹೊಡೆದುಹಾಕಿತು.

ಜಯಕರ್ ಮೆಲ್ಲಗೆ ಕೇಳಿದರು, "ಒಂದು ಚೀಟಿಗಾ?"

ಒಂದು ಚೀಟಿಗೆ, ಎಂದರು ಲೆನ್. ವಕೀಲರಲ್ಲವೇ, ಇನ್ನೊಂದು ಪಕ್ಕವನ್ನೂ ಹೇಳದೆ ಬಿಡಲಿಲ್ಲ. ಈಚೆಗೆ ಕೋರ್ಟು ಸ್ವಲ್ಪ ಸಡಿಲ ಬಿಟ್ಟಿದೆ, ಸರ್ಕಾರ ತಾನು ಹಣ ಕೊಡುವ ಕಡೆ ಷರತ್ತು ಹಾಕಬಹುದು ಎಂದಿದೆ. ರಾಜ್ಯ ಸರ್ಕಾರಗಳ ಮಾತೇ ಬೇರೆ, ಅವಕ್ಕೆ ಈ ಬೇಲಿ ಇಲ್ಲ. ಆದರೆ ಕ್ಯಾನ್ಬೆರಾ ಒಬ್ಬ ಡಾಕ್ಟರನ್ನು ಕತ್ತು ಹಿಡಿದು ಒಂದು ಊರಿನಲ್ಲಿ ಕೂರಿಸುವುದು ಮಾತ್ರ ಆಗದ ಮಾತು.

"ಹಾಗಾದರೆ ಆ ಊರಿಗೆ ಡಾಕ್ಟರನ್ನು ಹೇಗೆ ತರುತ್ತಾರೆ?" ಎಂದು ಜಯಕರ್ ಕೇಳಿದರು.

ಕೇಳಿಕೊಂಡು, ಎಂದರು ಲೆನ್. ಪುಸ್ತಕವನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು. ಎಷ್ಟೋ ದಿನ ಚೀಟಿ ಒತ್ತುವ ಯಂತ್ರದ ಪಕ್ಕದಲ್ಲೇ ಅದು ಇತ್ತು. ಬಿಡುವಾದಾಗ ಆ ಪುಟ ತೆಗೆದು ಕಂಸ ಇನ್ನೂ ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ಇದೇ ಕಾಲಕ್ಕೆ ಸಿಡ್ನಿಯಲ್ಲಿ ಶಸ್ತ್ರವೈದ್ಯರು ಹೊಸ ನಿಯಮಗಳನ್ನು ಒಪ್ಪದೆ ಸರ್ಕಾರಿ ಆಸ್ಪತ್ರೆಗಳನ್ನು ಬಿಡುವ ಜಗಳ ನಡೆದಿತ್ತು. ಟಿವಿಯಲ್ಲಿ ಅವರನ್ನು ನೋಡುವಾಗ ಜಯಕರ್, ಈಗ ಪೊಲೀಸರು ಬರುತ್ತಾರೆ, ಈಗ ಬರುತ್ತಾರೆ ಎಂದು ಕಾಯುತ್ತಿದ್ದರು. ಪೊಲೀಸರು ಬರಲಿಲ್ಲ, ಹವಾಮಾನ ವರದಿ ಬಂತು.

ಮೇ ತಿಂಗಳಲ್ಲಿ ಮನವಿಗೆ ಉತ್ತರ ಬಂತು. ಅರ್ಧ ಪುಟ. ಟೈಪ್ ಮಾಡಿದ ಎರಡು ಸಾಲು ಧನ್ಯವಾದದ ಕೆಳಗೆ ನೀಲಿ ಶಾಯಿಯಲ್ಲಿ ಕೈಬರಹ: 'ಇದಕ್ಕೆ ನೀವು ನಮ್ಮ ಅನುಮತಿ ಕೇಳಬೇಕಾಗಿಲ್ಲ. ಆಯ್ಕೆ ಪೂರ್ತಿ ನಿಮ್ಮದು. ನಿಮ್ಮ ಬೆನ್ನು ಬೇಗ ವಾಸಿಯಾಗಲಿ.' ಕೆಳಗೆ ಬಾರ್ಬರಾ ಎಂದಷ್ಟೇ ಸಹಿ. ಹುದ್ದೆಯಿಲ್ಲ, ಮೊಹರಿಲ್ಲ. ಜಯಕರ್ ಅದನ್ನು ನಿಂತೇ ಓದಿದರು. ಸರ್ಕಾರ ತಮ್ಮ ಬೆನ್ನನ್ನು ವಿಚಾರಿಸಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಹಿತ್ತಲಿಗೆ ಹೋಗಿ ಮಾವಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಸಂತೋಷ ತಡೆಯಲಾಗಲಿಲ್ಲ. ನವೆಂಬರು ನನ್ನದಾಯಿತು ಎಂದುಕೊಂಡೆ.

ಆದದ್ದು ಬೇರೆ. ಜುಲೈಯಲ್ಲಿ ಪಶ್ಚಿಮದ ಒಣ ಚಳಿಗಾಳಿ ಶುರುವಾಯಿತು, ಮರದ ಮನೆಯ ಸಂದುಗಳೆಲ್ಲ ಸಿಳ್ಳೆ ಹಾಕುತ್ತಿದ್ದವು. ಜಯಕರ್ ಊಟದಲ್ಲಿ ಮಾತು ಕಡಿಮೆ ಮಾಡಿದರು. ಒಂದು ಶನಿವಾರ ಆ ಊರಿನ ಆಸ್ಪತ್ರೆಗೆ ತಾವಾಗಿಯೇ ಫೋನು ಮಾಡಿ, ಅಲ್ಲಿನ ಹಿರಿಯ ನರ್ಸಿನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಕೈ ಕೊಯ್ದುಕೊಂಡರೆ ಹೊಲಿಗೆಗೆ ಎರಡು ಗಂಟೆ ಕಾರು ಓಡಿಸುತ್ತಾರಂತೆ. ಹೆರಿಗೆಗೆ ತಿಂಗಳ ಮೊದಲೇ ಪಟ್ಟಣಕ್ಕೆ ಬಂದು ರೂಮು ಹಿಡಿಯುತ್ತಾರಂತೆ. ಫೋನಿಟ್ಟು ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಬೆಳಕಿತ್ತು.

"ಇಷ್ಟು ವರ್ಷ ಅವರು ಕಳಿಸಿದ್ರು, ನಾನು ಹೋದೆ ಪ್ರೇಮಾ. ಮನಸ್ಸಿದ್ದು ಒಂದು ಕಡೆಗೂ ಹೋಗ್ಲಿಲ್ಲ. ಈಗ ಯಾರೂ ಕಳಿಸ್ತಿಲ್ಲ. ನನಗೇ ಹೋಗ್ಬೇಕು ಅನ್ನಿಸ್ತಿದೆ. ಗೊತ್ತಾಗತ್ತಾ ನಿಂಗೆ, ಇದೆಂಥ ವಿಷಯ ಅಂತ?"

"ಗೊತ್ತಾಗತ್ತೆ," ಎಂದೆ. ನಿಜಕ್ಕೂ ಗೊತ್ತಾಗಿತ್ತು. ನಲವತ್ತೈದರ ಆ ಮನುಷ್ಯ ಮೊದಲ ಸಲ ತನ್ನ ಕಾಲ ಮೇಲೆ ತಾನು ನಿಂತ ಮಗುವಿನ ಹಾಗಿದ್ದರು.

"ಸೆಪ್ಟೆಂಬರ್ ಮೊದಲನೇ ವಾರ ಹೊರಟ್ಬಿಡೋಣ. ಆಶಾ ಸ್ಕೂಲಿಗೆ ನೀನೊಂದು ಲೆಟರ್ ಟೈಪ್ ಮಾಡ್ಬಿಡು. ಆಸ್ಪತ್ರೆ ಡಾಕ್ಟರ್‌ಗೂ ಹೇಳ್ಬಿಡು, ಇನ್ಮೇಲೆ ರೌಂಡ್ಸಿಗೆ ಬರಲ್ಲ ಅಂತ."

ನಾನು ಟೈಪ್‌ರೈಟರಿನ ಮುಂದೆಯೇ ಕೂತಿದ್ದೆ. ಪಕ್ಕದಲ್ಲಿ ಯಂತ್ರ, ಯಂತ್ರದ ಪಕ್ಕದಲ್ಲಿ ಲೆನ್ ಬಿಟ್ಟುಹೋದ ತೆಳು ಪುಸ್ತಕ. ಹದಿಮೂರು ವರ್ಷದ ದಾಂಪತ್ಯದಲ್ಲಿ ನಾನು ಜೋರು ದನಿಯಲ್ಲಿ ಮಾತಾಡಿದವಳಲ್ಲ, ಅವತ್ತೂ ಮಾತಾಡಲಿಲ್ಲ. ಪುಸ್ತಕವನ್ನು ಅವರ ಕಡೆ ಸರಿಸಿದೆ.

"ರೀ, ಒಂದು ಕೇಳ್ಲಾ? ಕ್ಯಾನ್ಬೆರಾಗೇ ಇಲ್ಲದಿರೋ ಅಧಿಕಾರ ನಿಮಗೆಲ್ಲಿಂದ ಬಂತು?"

ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾಗುವುದು ಮುಖದ ಮೇಲೆ ಕೆಳಗಿನಿಂದ ಮೇಲಕ್ಕೆ ಬಂದದ್ದನ್ನು ನಾನು ನೋಡಿದೆ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ನನಗೂ ಐದು ಆರ್ಡರ್ ಆಗಿದೆ," ಎಂದೆ. "ಆರೂ ಅನ್ನಿ. ಒಂದಕ್ಕೂ ಕಾಗದ ಕೂಡ ಬರ್ಲಿಲ್ಲ. ರಿಕ್ವೆಸ್ಟೆಡ್ ಅಂತಾನೂ ಯಾರೂ ಬರೀಲಿಲ್ಲ."

ಅವರು ಎದ್ದು ಹಿತ್ತಲಿಗೆ ಹೋದರು. ನಾನು ಆ ಕಾಗದ ಟೈಪ್ ಮಾಡಲಿಲ್ಲ. ಭಾನುವಾರವಿಡೀ ನನಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ನಾನೇನಾ ಹಾಗೆ ಅಂದದ್ದು ಎಂಬ ಬೆರಗು. ಎಲ್ಲೋ ಯಾರೋ ಸರ್ಕಾರಕ್ಕೆಂದು ಬರೆದಿಟ್ಟ ಮಾತು, ಮೈಸೂರಿನ ಒಬ್ಬ ಹೆಣ್ಣುಮಗಳ ಬಾಯಿಗೆ ಬ್ರಿಸ್ಬೇನಿನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬಂದು ಕೂರುತ್ತದೆ ಎಂದು ಬರೆದವರಿಗೆ ಗೊತ್ತಿತ್ತೇ?

ಸೋಮವಾರ ಬೆಳಗ್ಗೆ ನಾನು ಮುಂದಿನ ಕೋಣೆಗೆ ಬಂದಾಗ ನನ್ನ ಕುರ್ಚಿಯಲ್ಲಿ ಜಯಕರ್ ಕೂತಿದ್ದರು. ಯಂತ್ರದೊಳಗೆ ಕಾರ್ಡು ತಿರುವುಮುರುವು ಇಟ್ಟು ಒದ್ದಾಡುತ್ತಿದ್ದರು. ಎದುರಿಗೆ ಲೆನ್ ಕಾದು ನಿಂತಿದ್ದರು. "ನೀನು ಹೋಗು, ರೌಂಡ್ಸಿಗೆ ಲೇಟಾಗತ್ತೆ," ಎಂದರು, ನನ್ನನ್ನು ನೋಡದೆ. ಆ ವಾರವೇ ಪತ್ರಿಕೆಗೆ ರಿಸೆಪ್ಷನಿಸ್ಟ್ ಬೇಕೆಂದು ಕೊಟ್ಟರು. ಆ ಊರಿನ ಮಾತು ಮತ್ತೆ ಎತ್ತಲಿಲ್ಲ. ನರ್ಸಿಗೆ ಫೋನು ಮಾಡಿ, ಸದ್ಯಕ್ಕೆ ಬರಲಾಗುವುದಿಲ್ಲ ಎಂದು ಹೇಳುವಾಗ ಅವರ ದನಿ ಸಣ್ಣಗಾಗಿದ್ದನ್ನು ನಾನು ಕೇಳಿಸಿಕೊಂಡೆ. ಅದು ನನಗೆ ಚುಚ್ಚಿತು. ಆದರೂ ಮನಸ್ಸು ಬದಲಿಸಲಿಲ್ಲ.

ಅಕ್ಟೋಬರಿನಲ್ಲಿ ಬ್ರಿಸ್ಬೇನಿನ ಬೀದಿಗಳಲ್ಲಿ ಜಕರಂಡ ಹೂ ಬಿಡುತ್ತದೆ. ಅದು ನೆಲಕ್ಕೆ ಬೀಳುವುದರೊಳಗೆ ಓದಿ ಮುಗಿಸದವರಿಗೆ ಪರೀಕ್ಷೆ ಕೈಕೊಡುತ್ತದೆ ಎಂದು ಅಲ್ಲಿನ ವಿದ್ಯಾರ್ಥಿಗಳು ಹೆದರಿಸುತ್ತಿದ್ದರು. ನಾನು ಕತ್ತೆತ್ತಿ ನೋಡಲಿಲ್ಲ, ನೇರಳೆ ಬಣ್ಣ ತುಳಿದುಕೊಂಡು ಆಸ್ಪತ್ರೆಗೆ ಹೋಗಿ ಬಂದೆ. ನವೆಂಬರಿನಲ್ಲಿ ಅಡಿಲೇಡಿಗೆ ಒಬ್ಬಳೇ ವಿಮಾನ ಹತ್ತಿದೆ. ಬಷೀರ್ ಅವರ ಮನೆಯಲ್ಲಿ ಉಳಿದೆ. ಪರೀಕ್ಷೆಯ ಬೆಳಗ್ಗೆ ಅವರೇ ಕಾರಿನಲ್ಲಿ ಬಿಟ್ಟು, "ನಾವು ಬರೆಸಿದ ರೆಪ್ರೆಸೆಂಟೇಷನ್ ವರ್ಕ್ ಆಯ್ತು ನೋಡಿ," ಎಂದರು. ಸರಿಪಡಿಸಲು ಹೋಗಲಿಲ್ಲ. ನನ್ನ ಪಾಲಿಗೆ ಬಂದದ್ದು ಉಸಿರಿನ ತೊಂದರೆಯ ಒಬ್ಬ ವೃದ್ಧೆ. ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಬೆನ್ನಿನ ಮೇಲಿಟ್ಟೆ. ಆಕೆ, ಬೆಚ್ಚಗಿನ ಕೈ, ಡಾಕ್ಟರ್, ಎಂದರು. ಒಂಬತ್ತು ವರ್ಷದ ಮೇಲೆ ಒಬ್ಬ ರೋಗಿಯ ಬಾಯಲ್ಲಿ ಆ ಪದ ಕೇಳಿದೆ. ಪಾಸಾದೆ ಎಂದು ಕಾಗದ ಬಂದಾಗಲೂ ಅಷ್ಟು ಸಂತೋಷವಾಗಲಿಲ್ಲ.

ಮರುವರ್ಷ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬೇಕಾದ ಕೆಲಸ ಮುಗಿಸಿದೆ. ಎಂಬತ್ತಾರರ ಜನವರಿಯಲ್ಲಿ ನನ್ನ ಹೆಸರಿಗೆ ನೋಂದಣಿ ಬಂತು. ಆ ಶನಿವಾರ, ಯಾರಿಗೂ ಹೇಳದೆ, ಆ ಊರಿನ ಆಸ್ಪತ್ರೆಗೆ ಫೋನು ಮಾಡಿದೆ. ಅದೇ ನರ್ಸು. ಇನ್ನೂ ಡಾಕ್ಟರ್ ಸಿಕ್ಕಿರಲಿಲ್ಲ. ಹೆರಿಗೆ ಮಾಡಿಸುತ್ತೀರಾ ಎಂದರು. ಅದೇ ನನ್ನ ಕೆಲಸ ಎಂದೆ. ಯಾರೂ ಕಳಿಸುತ್ತಿರಲಿಲ್ಲ. ಯಾರ ಹಿಂದೆಯೂ ಹೋಗುತ್ತಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಜಯಕರ್ ಮುಖದಲ್ಲಿ ಕಂಡ ಆ ಬೆಳಕು ಹೇಗಿರುತ್ತದೆಂದು ಒಳಗಿನಿಂದ ತಿಳಿಯಿತು.

ಊಟಕ್ಕೆ ಕೂತಾಗ ಹೇಳಿದೆ. "ರೀ, ನಾನು ಮಾರ್ಚಿಗೆ ಅಲ್ಲಿಗೆ ಹೋಗ್ತೀನಿ. ಒಪ್ಕೊಂಡ್ಬಿಟ್ಟೆ. ನೀವು ಬರಲೇಬೇಕು ಅಂತ ಏನಿಲ್ಲ. ಕ್ಲಿನಿಕ್ಕು ಚೆನ್ನಾಗಿ ನಡೀತಿದೆ."

ಅವರು ಸಾರು ಕಲಸುತ್ತಿದ್ದವರು ನಿಲ್ಲಿಸಿದರು. ಊಟ ಮುಗಿಸಿ ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಬೆರಳಿನಲ್ಲಿ ಟೈಪ್ ಮಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಹೊಸ ರಿಸೆಪ್ಷನಿಸ್ಟಿಗೆ ಏನೋ ಬರೆಯುತ್ತಿರಬೇಕು, ಅಥವಾ ಕೋಪ ಬಂದಿರಬೇಕು ಎಂದುಕೊಂಡೆ.

ಬೆಳಗ್ಗೆ ನನ್ನ ಕಾಫಿ ಲೋಟದ ಕೆಳಗೆ ಉದ್ದದ ಹಾಳೆಯೊಂದಿತ್ತು. ಎಡಕ್ಕೆ ಮೂರು ಬೆರಳು ಅಂಚು. ಗೌರವಾನ್ವಿತ ಡಾಕ್ಟರ್ ಪ್ರೇಮಲತಾ ಅವರಿಗೆ. ಸೂಕ್ತ ಮಾರ್ಗದ ಮೂಲಕ ಎಂಬಲ್ಲಿ, ಎಂಟು ವರ್ಷದ ಆಶಾಳ ಸಹಿ, ಕೆಂಪು ಕ್ರೇಯಾನಿನಲ್ಲಿ. ತಾವು ಸ್ವಇಚ್ಛೆಯಿಂದ ಆರಿಸಿಕೊಂಡ ಊರಿಗೆ ತಮ್ಮ ಜೊತೆಯಲ್ಲಿ ಬರಲು ಕೆಳಗೆ ಸಹಿ ಮಾಡಿದವನಿಗೆ ದಯಮಾಡಿ ಅನುಮತಿ ನೀಡಬೇಕೆಂದು ವಿನಯಪೂರ್ವಕ ಪ್ರಾರ್ಥನೆ. ಅರ್ಜಿದಾರನಿಗೆ ಹೊಲಿಗೆ ಹಾಕಲು, ಸಾರು ಮಾಡಲು ಮತ್ತು ಚೀಟಿ ಒತ್ತುವ ಯಂತ್ರ ನಡೆಸಲು ಬರುತ್ತದೆ. ಬೆನ್ನು ವಾಸಿಯಾಗಿದೆ.

ಫೈಲು ಎಂದ ಮೇಲೆ ಸ್ವಲ್ಪ ಕಾಯಿಸಬೇಕು, ಅದು ನಾವು ಕಲಿತ ಪದ್ಧತಿ. ಎರಡು ದಿನ ಕಾಯಿಸಿದೆ. ಅವರು ನನ್ನ ಮುಖವನ್ನೇ ನೋಡಿಕೊಂಡು ಓಡಾಡಿದರು. ಮೂರನೆಯ ದಿನ ಬೆಳಗ್ಗೆ ನೀಲಿ ಶಾಯಿಯ ಪೆನ್ನು ಹುಡುಕಿ, ಹಾಳೆಯ ಕೆಳಗೆ ಬರೆದು, ಹುದ್ದೆಯಿಲ್ಲದೆ, ಮೊಹರಿಲ್ಲದೆ ಸಹಿ ಹಾಕಿ ಅವರ ಮೇಜಿನ ಮೇಲಿಟ್ಟೆ. ಅವರು ಓದಿದರು, ಕನ್ನಡಕ ಒರೆಸಿಕೊಂಡರು, ಒಂದು ರಟ್ಟಿನ ಪೆಟ್ಟಿಗೆ ತಂದು, ಆ ಹಾಳೆಯನ್ನೂ ಬಾರ್ಬರಾ ಬರೆದ ಕಾಗದವನ್ನೂ ತಳದಲ್ಲಿಟ್ಟು, ಅವುಗಳ ಮೇಲೆ ಆ ಯಂತ್ರವನ್ನಿಟ್ಟರು.

'ಇದಕ್ಕೆ ನೀವು ನನ್ನ ಅನುಮತಿ ಕೇಳಬೇಕಾಗಿಲ್ಲ,' ಎಂದು ಬರೆದಿದ್ದೆ. 'ಆಯ್ಕೆ ಪೂರ್ತಿ ನಿಮ್ಮದು. ಪ್ರೇಮ.'